ಕುಂಡಕ್ಕೂ ಒಂದು ಪಂಚಾಂಗ ಬೇಕು

ನಮ್ಮ ನಗರಗಳಲ್ಲಿ ತಾರಸಿ ತೋಟ ಶುರುವಾಗುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಒಂದು, ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಆಸೆ ಹುಟ್ಟಿದಾಗ. ಇನ್ನೊಂದು, ಮಕ್ಕಳಿಗೆ ಬೇಸಿಗೆ ರಜೆ ಬಂದು ಮನೆಯವರಿಗೆಲ್ಲ ಕೈ ಬಿಡುವಾದಾಗ. ಕುಂಡದಲ್ಲಿ ಗಿಡ ಬೆಳೆಸಲು ಹೊರಟ ಹೊಸಬರಿಗೆ ವರ್ಷದಲ್ಲಿ ಇವಕ್ಕಿಂತ ಕಷ್ಟದ ಕಾಲ ಇನ್ನೊಂದಿಲ್ಲ. ಗಣರಾಜ್ಯೋತ್ಸವದ ಹೊತ್ತಿಗೆ ಬಣ್ಣ ತುಂಬಿಕೊಂಡು ನಿಲ್ಲುವ ಪೆಟೂನಿಯ, ಸಾಲ್ವಿಯ, ಡಯಾಂಥಸ್ ಚಳಿಗಾಲದ ಹೂಗಳು. ತಿಂಗಳುಗಟ್ಟಲೆ ಮೊದಲೇ ಬೀಜ ಹಾಕಿ, ಸಸಿ ಮಾಡಿ, ಸರಿಯಾಗಿ ಆ ವಾರಕ್ಕೆ ಅರಳುವಂತೆ ಸಾಕಿದ ಗಿಡಗಳು ಅವು. ಅಂಥದ್ದನ್ನು ಆಗ ಕೊಂಡು ತಂದವರ ಪಾಲಿಗೆ ಬರುವುದು ಅದರ ಆಯಸ್ಸಿನ ಕೊನೆಯ ಪಾಲು ಮಾತ್ರ. ಮಾರ್ಚ್ ಕಳೆಯುವಷ್ಟರಲ್ಲಿ ಬುಡದ ಎಲೆ ಹಳದಿಯಾಗಿ ಗಿಡ ಸೊರಗುತ್ತದೆ. ರಜೆಯಲ್ಲಿ ಬಿತ್ತಿದ ಕೊತ್ತಂಬರಿ ಎಲೆ ತುಂಬಿಕೊಳ್ಳುವ ಮೊದಲೇ ಹೂವಿನ ಕಡ್ಡಿ ಎತ್ತುತ್ತದೆ. ಆಗ ಕೇಳಿಬರುವ ಮಾತು ಒಂದೇ, ‘ನಮ್ಮ ಕೈಗುಣ ಸರಿಯಿಲ್ಲ’ ಎಂದು. ಜೂನ್ ಬರುವಾಗ, ಅಂದರೆ ನಿಜಕ್ಕೂ ಬಿತ್ತಬೇಕಾದ ಹೊತ್ತಿಗೆ, ಖಾಲಿ ಕುಂಡಗಳು ನೀರಿನ ಟ್ಯಾಂಕಿನ ಹಿಂದೆ ಒಂದರೊಳಗೊಂದು ಪೇರಿಸಿಕೊಂಡು ಕೂತಿರುತ್ತವೆ. ಕೈಗುಣದ ಮೇಲೆ ಹೊರಿಸುವ ಈ ತಪ್ಪು ಬಹುಪಾಲು ತಿಂಗಳಿನದು. ನೆಲದ ಗಿಡಕ್ಕಿಂತ ಕುಂಡದ ಗಿಡಕ್ಕೆ ಋತು ಹೆಚ್ಚು ತಾಕುತ್ತದೆ. ಹಾಗಾಗಿ ಹೊಲದವರಿಗಿಂತಲೂ ತಾರಸಿಯವರು ಕಾಲ ನೋಡಿ ಬಿತ್ತಬೇಕು, ಸಸಿ ಮಾರುವವರೂ ಹಂಚುವವರೂ ಕಾಲ ನೋಡಿಯೇ ಕೊಡಬೇಕು ಎಂಬುದು ನನ್ನ ವಾದ.

ಇದು ತಿರುಗುಮುರುಗಾದ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಕುಂಡವೆಂದರೆ ನಮ್ಮ ಹಿಡಿತದಲ್ಲಿರುವ ತೋಟ, ಬೇಕಾದಾಗ ನೀರು, ಬೇಕಾದಾಗ ಗೊಬ್ಬರ, ಋತುವಿನ ಹಂಗೇಕೆ ಎಂಬುದು ಸಾಮಾನ್ಯ ನಂಬಿಕೆ. ಮಣ್ಣಿನೊಳಗೆ ಏನು ನಡೆಯುತ್ತದೆ ಎಂದು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ನೆಲದಲ್ಲಿ ಒಂದಡಿ ಕೆಳಗೆ ಹೋದರೆ ಹಗಲು ರಾತ್ರಿಯ ತಾಪದ ವ್ಯತ್ಯಾಸ ಬಹುತೇಕ ಅಳಿಸಿಹೋಗಿರುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲೂ ಬೇರು ತಂಪಿನಲ್ಲಿರುತ್ತದೆ. ಕುಂಡಕ್ಕೆ ಆ ರಕ್ಷಣೆ ಇಲ್ಲ. ಬಿಸಿಲು ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಹೊಡೆಯುತ್ತದೆ. ಕೆಳಗೆ ಕಾದ ಆರ್‌ಸಿಸಿ ತಾರಸಿ ಸೂರ್ಯ ಮುಳುಗಿದ ಮೇಲೂ ಬಿಸಿ ಬಿಡುತ್ತಿರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡದ ಗೋಡೆಗೆ ತಾಗಿದ ಮಣ್ಣು ಇಂಥ ದಿನಗಳಲ್ಲಿ 40 ಡಿಗ್ರಿ ಸುಲಭವಾಗಿ ದಾಟುತ್ತದೆ, ಆ ಬಿಸಿಯಲ್ಲಿ ಹೆಚ್ಚಿನ ತರಕಾರಿಗಳ ಬೇರು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಮೇ ತಿಂಗಳಲ್ಲಿ ಒಣಗಿದ ಗಿಡವನ್ನು ಬಿಸಾಡುವ ಮುಂಚೆ ಮಣ್ಣಿನ ಮುದ್ದೆಯ ಸಮೇತ ಹೊರತೆಗೆದು ನೋಡಿ. ಪಡುವಣ ಬಿಸಿಲು ಬೀಳುತ್ತಿದ್ದ ಮಗ್ಗುಲಿನ ಬೇರುಗಳು ಕಂದಾಗಿ, ಉಜ್ಜಿದರೆ ಸಿಪ್ಪೆ ಕಳಚಿಕೊಳ್ಳುವಂತಿರುತ್ತವೆ. ನೆರಳಿನ ಮಗ್ಗುಲಿನಲ್ಲಿ ಮಾತ್ರ ಒಂದಿಷ್ಟು ಬೆಳ್ಳಗಿನ ಬೇರು ಉಳಿದಿರುತ್ತದೆ. ಆ ಗಿಡ ನೀರಿಲ್ಲದೆ ಒಣಗಿದ್ದಲ್ಲ, ನೀರು ಹೀರುವ ಬೇರು ಬೆಂದುಹೋಗಿ ಒಣಗಿದ್ದು. ಬಾಡಿದೆ ಎಂದು ಮತ್ತೆ ಮತ್ತೆ ನೀರು ಸುರಿದರೆ ಅಳಿದುಳಿದ ಬೇರೂ ಕೊಳೆಯುತ್ತದೆ. ಮಣ್ಣಿನ ಕುಂಡ ಈ ವಿಷಯದಲ್ಲಿ ವಾಸಿ. ಅದರ ಗೋಡೆಯಿಂದ ತೇವ ಆರುತ್ತಾ ಒಳಗೆ ತಂಪಾಗುತ್ತದೆ, ಆದರೆ ಅಷ್ಟೇ ಬೇಗ ಒಣಗುತ್ತದೆ ಕೂಡ.

ನೀರಿನ ಲೆಕ್ಕವೂ ಇದೇ ಕಡೆಗೆ ಕೈ ತೋರಿಸುತ್ತದೆ. ಹನ್ನೆರಡು ಇಂಚಿನ ಕುಂಡದಲ್ಲಿ ಹಿಡಿಯುವ ಮಣ್ಣು, ಗೊಬ್ಬರ, ಕೋಕೋಪೀಟಿನ ಮಿಶ್ರಣ ಸುಮಾರು 15 ಲೀಟರ್. ಅದರಲ್ಲಿ ಗಿಡ ಎಳೆದುಕೊಳ್ಳಬಹುದಾದ ನೀರು ಮೂರು ನಾಲ್ಕು ಲೀಟರಿಗಿಂತ ಹೆಚ್ಚಿಲ್ಲ. ಮೈತುಂಬ ಬೆಳೆದ ಟೊಮೆಟೊ ಗಿಡ ಒಣಗಾಳಿಯ ಬೇಸಿಗೆಯ ದಿನ ಒಂದೂವರೆ ಎರಡು ಲೀಟರ್ ಕುಡಿಯುತ್ತದೆ. ನೆಲದಲ್ಲಾದರೆ ಅದರ ಬೇರು ಎರಡಡಿ ಆಳಕ್ಕಿಳಿದು ತೇವ ಹುಡುಕಿಕೊಂಡೀತು. ಇಲ್ಲಿ ಎರಡು ದಿನ ಮನೆ ಬೀಗ ಹಾಕಿ ಊರಿಗೆ ಹೋದರೆ ಮುಗಿಯಿತು.

ಮಳೆಗಾಲದಲ್ಲಿ ಕಥೆ ಇನ್ನೊಂದು ತುದಿಗೆ ಹೋಗುತ್ತದೆ. ಕುಂಡಕ್ಕೆ ಹಾಕಿದ ನೀರೆಲ್ಲ ತಳದ ತೂತಿನಿಂದ ಇಳಿದುಹೋಗುತ್ತದೆ ಎಂದು ನಾವು ತಿಳಿದಿದ್ದೇವೆ. ನೀರು ಹೊರಬರುವುದು ನಿಂತ ಮೇಲೂ ತಳದಲ್ಲಿ ಒಂದು ಪದರ ನೀರಿನಿಂದ ಪೂರ್ತಿ ತೊಯ್ದೇ ಇರುತ್ತದೆ. ಮಣ್ಣಿನ ಸಣ್ಣ ಸಂದುಗಳು ಹಿಡಿದಿಟ್ಟ ನೀರು ಅದು. ಕುಂಡ ಗಿಡ್ಡವಾದಷ್ಟೂ ಬೇರಿಗೆ ಉಸಿರಾಡಲು ಉಳಿಯುವ ಜಾಗ ಕಡಿಮೆ. ಇದನ್ನು ತಪ್ಪಿಸಲೆಂದು ತಳಕ್ಕೆ ಜಲ್ಲಿ, ಹೆಂಚಿನ ಚೂರು ಹಾಕುವ ರೂಢಿ ಎಲ್ಲ ಕಡೆ ಇದೆ. ಅದರಿಂದ ಆಗುವುದು ಬೇರೆಯೇ. ನುಣುಪು ಮಣ್ಣಿನಿಂದ ಜಲ್ಲಿಯೊಳಕ್ಕೆ ನೀರು ಇಳಿಯಬೇಕಾದರೆ ಮೇಲಿನ ಮಣ್ಣು ಪೂರ್ತಿ ನೆನೆಯಬೇಕು. ಹಾಗಾಗಿ ಒದ್ದೆ ಪದರ ಇಲ್ಲವಾಗುವ ಬದಲು ಜಲ್ಲಿಯ ಎತ್ತರದಷ್ಟು ಮೇಲಕ್ಕೆ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ. ತೂತು ಮುಚ್ಚದಂತೆ ಒಂದು ಹೆಂಚಿನ ಚೂರು ಸಾಕು. ಉಳಿದದ್ದು ಒಳ್ಳೆಯ ಸಡಿಲ ಮಿಶ್ರಣವಾಗಿರಲಿ, ಕುಂಡ ಎರಡು ಇಟ್ಟಿಗೆಯ ಮೇಲೆ ನಿಲ್ಲಲಿ. ಇದರ ಜೊತೆಗೆ ಸತತ ಮಳೆ ಸಾರಜನಕವನ್ನು ತೊಳೆದುಕೊಂಡು ಹೋಗುತ್ತದೆ. ಆಗಸ್ಟ್‌ನಲ್ಲಿ ಗಿಡ ಬಿಳಿಚಿಕೊಂಡರೆ ಅದು ರೋಗವೇ ಆಗಬೇಕಿಲ್ಲ, ಹಸಿವೂ ಇರಬಹುದು. ಮಳೆಗಾಲದಲ್ಲಿ ಒಂದೇ ಸಲ ರಾಶಿ ಗೊಬ್ಬರ ಹಾಕುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಹಾಕುವುದು ಮೇಲು.

ಬಿಸಿಲು ಮಳೆಗಿಂತ ಹೆಚ್ಚು ಜನರ ಕಣ್ಣು ತಪ್ಪಿಸುವುದು ಬೆಳಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ಮಧ್ಯದ ನಂತರ ಇನ್ನೊಮ್ಮೆ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಚಳಿಗಾಲದಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ. ಅಲ್ಲಿ ಡಿಸೆಂಬರಿನ ಟೊಮೆಟೊ ಎಷ್ಟು ಗೊಬ್ಬರ ಹಾಕಿದರೂ ಕಡ್ಡಿಯಂತೆ ಉದ್ದವಾಗುತ್ತದೆಯೇ ಹೊರತು ಕಾಯಿ ಕಟ್ಟುವುದಿಲ್ಲ. ದಕ್ಷಿಣದ ಬಾಲ್ಕನಿಯಲ್ಲಿ ಅದೇ ತಿಂಗಳು ಬಿಸಿಲು ಒಳಕೋಣೆಯವರೆಗೆ ಬರುತ್ತದೆ. ಹಗಲಿನ ಉದ್ದವೂ ಜೂನ್‌ನಿಂದ ಡಿಸೆಂಬರಿಗೆ ಸುಮಾರು ಒಂದೂವರೆ ಗಂಟೆ ಕುಗ್ಗುತ್ತದೆ. ಈ ಒಂದೂವರೆ ಗಂಟೆಯನ್ನು ನಾವು ಗಮನಿಸದಿದ್ದರೂ ಅವರೆ ಗಮನಿಸುತ್ತದೆ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾಗದೆ ಹೂ ಬಿಡುವ ಜಾತಿಯಲ್ಲ. ಜನವರಿಯಲ್ಲಿ ಸೊಗಡಿನ ಅವರೆಕಾಯಿ ತಿಂದು, ಅದರ ರುಚಿಗೆ ಮನಸೋತು ಅದೇ ಬೀಜವನ್ನು ಫೆಬ್ರುವರಿಯಲ್ಲಿ ಕುಂಡಕ್ಕೆ ಹಾಕಿದರೆ ತಿಂಗಳುಗಟ್ಟಲೆ ಬರೀ ಬಳ್ಳಿ, ಬರೀ ಎಲೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಕಟ್ಟುಬೀಳದ ‘ಹೆಬ್ಬಾಳ ಅವರೆ’ ತಳಿಗಳನ್ನು ರೂಪಿಸಿದ್ದು ಈ ತೊಡಕು ಬಿಡಿಸಲೆಂದೇ. ಸೇವಂತಿಗೆಯ ಸ್ವಭಾವವೂ ನಾಟಿ ಅವರೆಯಂಥದ್ದೇ. ಬೇಸಿಗೆಯಲ್ಲಿ ಅದು ಹೂ ಬಿಡಲಿಲ್ಲ ಎಂದು ಗಿಡ ಕೀಳುವವರು ಇನ್ನೈದು ತಿಂಗಳು ಕಾದಿದ್ದರೆ ಸಾಕಿತ್ತು.

ಹಾಗಾದರೆ ಯಾವಾಗ ಏನು? ಬೇಸಿಗೆಯ ವಿಷಯವನ್ನೇ ಮೊದಲು ಹೇಳಬೇಕು, ತಾರಸಿ ತೋಟಗಳು ಸಾಯುವುದು ಆಗಲೇ. ಟೊಮೆಟೊದ ಪರಾಗ ಹಗಲಿನ ತಾಪ 33, 34 ಡಿಗ್ರಿ ಮೀರಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಕೆಲಸಕ್ಕೆ ಬಾರದಾಗುತ್ತದೆ. ಹೂ ಬಿಡುತ್ತದೆ, ತೊಟ್ಟು ಹಳದಿಯಾಗಿ ಉದುರುತ್ತದೆ. ಅದಕ್ಕೆ ಔಷಧ ಸಿಂಪಡಿಸಿ ಪ್ರಯೋಜನವಿಲ್ಲ. ಬೇಸಿಗೆಗೆ ಹೇಳಿಮಾಡಿಸಿದ ಗಿಡಗಳು ನಮ್ಮಲ್ಲೇ ಬೇಕಾದಷ್ಟಿವೆ, ಆದರೆ ಬಣ್ಣದ ಪೊಟ್ಟಣಗಳಲ್ಲಿ ಅವುಗಳ ಬೀಜ ಕಾಣುವುದು ಕಡಿಮೆ. ಹರಿವೆ ಬಿಸಿಲಿದ್ದಷ್ಟೂ ಹುಲುಸಾಗುವ ಸೊಪ್ಪು, ಬಿತ್ತಿ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಮುಕ್ಕಾಲಡಿ ಆಳದ ಟ್ರೇ ಸಾಕು, ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬಸಳೆಯ ಒಂದು ಗೇಣು ಕಡ್ಡಿ ಚುಚ್ಚಿದರೆ ಬಾಲ್ಕನಿಯ ಕಂಬಿಗೆ ಹಬ್ಬಿ ಒಳಗಿನ ಕೋಣೆಗೂ ನೆರಳು ಕೊಡುತ್ತದೆ. ಫೆಬ್ರುವರಿಯ ಮೊದಲಲ್ಲೇ ಬಿತ್ತಿದ ಬೆಂಡೆ, ಗೋರಿಕಾಯಿ, ಅಲಸಂದೆ ಬಿಸಿಲಿಗೆ ಹೆದರುವುದಿಲ್ಲ. ದೊಡ್ಡಪತ್ರೆ, ಚಕ್ರಮುನಿ, ಕರಿಬೇವು ಒಮ್ಮೆ ಹಿಡಿದರೆ ವರ್ಷಗಟ್ಟಲೆ ಇರುತ್ತವೆ. ಮಾವಿನ ಮಳೆ ಬಿದ್ದ ಮೇಲೆ, ಭರಣಿಯ ಹೊತ್ತಿಗೆ, ಗ್ರೋ ಬ್ಯಾಗಿನಲ್ಲಿ ಅರಿಶಿನದ ಮೊಳಕೆಗೆಡ್ಡೆ ಇಟ್ಟರೆ ಸಂಕ್ರಾಂತಿಯ ಹೊತ್ತಿಗೆ ಎಲೆ ಒಣಗಿ ಅಗೆಯಲು ಬರುತ್ತದೆ. ಶುಂಠಿಯೂ ಅಷ್ಟೆ. ಮಳೆಗಾಲ ಹೀರೆ, ಹಾಗಲ, ಪಡವಲದಂಥ ಬಳ್ಳಿಗಳದು. ಇನ್ನು ಹೂಕೋಸು, ನವಿಲುಕೋಸು, ಮೂಲಂಗಿ, ಪಾಲಕ್, ಮೆಂತ್ಯ, ಕೊತ್ತಂಬರಿ, ಟೊಮೆಟೊ ಇವೆಲ್ಲ ಚಳಿಗಾಲದವು. ಇವುಗಳಲ್ಲಿ ಸಸಿ ಮಾಡಿ ನೆಡುವಂಥವನ್ನು ಗಣೇಶನ ಹಬ್ಬದ ಆಸುಪಾಸಿನಲ್ಲಿ ಮಳೆ ಹೊಡೆಯದ ಕಡೆ ಬಿತ್ತಿ, ದಸರೆಯ ಹೊತ್ತಿಗೆ ಕುಂಡಕ್ಕೆ ಬದಲಿಸಬೇಕು.

ಈ ಲೆಕ್ಕ ಬೆಂಗಳೂರು, ಮೈಸೂರು ಕಡೆಯ ಬಯಲಿನದು. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳು ತೆರೆದ ತಾರಸಿಯಲ್ಲಿ ಸೊಪ್ಪು ನಿಲ್ಲುವುದಿಲ್ಲ, ಎಳೆಸಸಿ ಬುಡ ಕೊಳೆತು ಮಲಗುತ್ತದೆ. ಅಲ್ಲಿ ಮಳೆಯ ಜೋರು ಇಳಿದ ಮೇಲೆಯೇ ಹರಿವೆ, ಬದನೆಯ ಕಾಲ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ಮೀರುವುದು ಪ್ರತಿವರ್ಷದ ಮಾತು, ಅಲ್ಲಿ ಆ ಎರಡು ತಿಂಗಳು ಹೆಚ್ಚಿನ ಕುಂಡಗಳಿಗೆ ರಜೆ ಕೊಡುವುದೇ ಸರಿ. ಮಲೆನಾಡಿನ ಹಿತ್ತಲುಗಳಲ್ಲಿ ಯಾವ ಮಳೆಗೆ ಮೊದಲು ಏನು ಊರಬೇಕು ಎಂಬುದನ್ನು ಮನೆಯ ಹೆಂಗಸರು ಇಂದಿಗೂ ಬಾಯಲ್ಲೇ ಹೇಳುತ್ತಾರೆ. ನಗರಕ್ಕೆ ಬಂದ ನಾವು ಆ ತಿಳಿವಳಿಕೆಯನ್ನು ಊರಲ್ಲೇ ಬಿಟ್ಟು, ಹಿಮ ಬೀಳುವ ದೇಶಗಳವರು ಮಾಡಿದ ವಿಡಿಯೊ ನೋಡಿ ಬಿತ್ತುತ್ತಿದ್ದೇವೆ. ಅವರು ವರ್ಷವಿಡೀ ಕಾಯುವುದು ಹಿಮ ಕರಗುವ ವಸಂತಕ್ಕೆ. ನಮಗೆ ಚಳಿ ಭಯವೇ ಅಲ್ಲ, ವಸಂತವೇ ಭಯ. ಅವರು ಬಿತ್ತಲು ಶುರು ಮಾಡುವ ತಿಂಗಳು ನಮ್ಮ ಕುಂಡಗಳಿಗೆ ಕೆಟ್ಟ ಕಾಲ.

ಇದಕ್ಕೆ ಬರುವ ಮೊದಲ ಆಕ್ಷೇಪ ತಂತ್ರಜ್ಞಾನದ್ದು. ಹಸಿರು ಶೇಡ್ ನೆಟ್ ಕಟ್ಟಿ, ಟೈಮರ್ ಇಟ್ಟು ಹನಿ ನೀರಾವರಿ ಮಾಡಿ, ಶಾಖ ತಡೆಯುವ ಹೈಬ್ರಿಡ್ ತಳಿ ತಂದರೆ ಯಾವ ಬೆಳೆಯನ್ನು ಯಾವಾಗಲಾದರೂ ಬೆಳೆಯಬಹುದಲ್ಲ ಎನ್ನುತ್ತಾರೆ. ಒಂದು ಮಟ್ಟಿಗೆ ನಿಜ. ಶೇಡ್ ನೆಟ್ ಬೇಡವೆಂದು ನಾನು ಹೇಳುವುದಿಲ್ಲ, ಬೇರಿಗೆ ತಂಪು ಕೊಡುವ ಯಾವುದೂ ಒಳ್ಳೆಯದೇ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮನೆಮಟ್ಟಿಗೆ ಒಗ್ಗುವ ಲಂಬ ತೋಟದ ಚೌಕಟ್ಟು, ಹದಗೊಳಿಸಿದ ಕೋಕೋಪೀಟ್, ರೋಗ ತಾಳುವ ಟೊಮೆಟೊ ತಳಿ ‘ಅರ್ಕಾ ರಕ್ಷಕ್’ ಎಲ್ಲವನ್ನೂ ಕೊಟ್ಟಿದೆ, ಅವು ನಿಜಕ್ಕೂ ಉಪಯೋಗದವು. ಆದರೆ ರೋಗ ತಾಳುವುದು ಬೇರೆ, ಸೆಕೆ ತಾಳುವುದು ಬೇರೆ. ಜೊತೆಗೆ ಈ ಹೋರಾಟಕ್ಕೆ ಬೇಕಾಗುವ ನೀರು ಎಲ್ಲಿಂದ ಬರಬೇಕು? ಮೂವತ್ತು ದೊಡ್ಡ ಕುಂಡಗಳ ತೋಟಕ್ಕೆ ಬೇಸಿಗೆಯಲ್ಲಿ ದಿನಕ್ಕೆ 45 ಲೀಟರ್ ಆದರೂ ಬೇಕು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಜನ ಕಾದು ನಿಂತಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿತು, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದಿತು. ಆ ವರ್ಷ ಬೇಸಿಗೆಯಲ್ಲೂ ಹೂಕೋಸು ಬೆಳೆಯುತ್ತೇನೆ ಎಂದು ಹೊರಟವರಿಗೆ ತಂತ್ರಜ್ಞಾನ ಕೈಕೊಟ್ಟಿತು. ಅಕ್ಕಿ, ತರಕಾರಿ ತೊಳೆದ ನೀರಿನಲ್ಲೇ ಎಂಟು ಹತ್ತು ಕುಂಡ ಹರಿವೆ, ಬಸಳೆ, ದೊಡ್ಡಪತ್ರೆ ಉಳಿಸಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಬೇಸಿಗೆಯಲ್ಲಿ ತೋಟವನ್ನು ಮೂರರಲ್ಲೊಂದು ಪಾಲಿಗೆ ಇಳಿಸಿಕೊಳ್ಳುವುದು ಸೋಲಲ್ಲ, ನೀರಿಲ್ಲದ ಊರಿನಲ್ಲಿ ಅದು ನೆರೆಯವರಿಗೆ ನಾವು ತೋರಬೇಕಾದ ಮರ್ಯಾದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹವಾಮಾನವೇ ಕೆಟ್ಟಿದೆ, ಭರಣಿಯ ಮಳೆ ಭರಣಿಗೆ ಬರುತ್ತಿಲ್ಲ, 2016ರ ಏಪ್ರಿಲ್‌ನಲ್ಲಿ ಬೆಂಗಳೂರೇ 39.2 ಡಿಗ್ರಿ ಕಂಡಿದೆ, ಹೀಗಿರುವಾಗ ಹಳೆಯ ಪಂಚಾಂಗ ಹಿಡಿದು ಬಿತ್ತು ಎಂದರೆ ಹೇಗೆ ಎಂಬ ಪ್ರಶ್ನೆ. ಮಳೆ ಹಿಂದುಮುಂದಾಗುತ್ತಿರುವುದು ಸತ್ಯ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗೆಂದು ಸೂರ್ಯನ ದಾರಿ ಬದಲಾಗಿಲ್ಲ, ಹಗಲಿನ ಉದ್ದ ಬದಲಾಗಿಲ್ಲ. ಅವರೆಯೂ ಸೇವಂತಿಗೆಯೂ ಉತ್ತರ ಬಾಲ್ಕನಿಯ ಬಿಸಿಲೂ ಇವತ್ತಿಗೂ ಅದೇ ಲೆಕ್ಕದಲ್ಲಿ ನಡೆಯುತ್ತವೆ. ಅನಿಶ್ಚಿತವಾಗಿರುವುದು ಮಳೆ ಮತ್ತು ಸೆಕೆ. ಅದರ ಎದುರು ಕುಂಡದವರಿಗೆ ರೈತರಿಗಿಲ್ಲದ ಎರಡು ಅನುಕೂಲಗಳಿವೆ: ಕುಂಡವನ್ನು ಎತ್ತಿ ಬೇರೆ ಕಡೆ ಇಡಬಹುದು, ಮತ್ತು ಬೀಜವನ್ನೆಲ್ಲ ಒಂದೇ ದಿನ ಬಿತ್ತಬೇಕಾಗಿಲ್ಲ. ಹತ್ತು ದಿನಕ್ಕೊಂದು ಕುಂಡದಂತೆ ಮೂರು ಸಲ ಬಿತ್ತಿದರೆ ಒಂದು ಕೆಟ್ಟ ವಾರ ಮೂರನ್ನೂ ಕೊಲ್ಲುವುದಿಲ್ಲ. ಋತುಗಳು ಅಂಕೆ ತಪ್ಪಿವೆ ಎನ್ನುವವರು ಋತುವನ್ನು ಇನ್ನಷ್ಟು ಗಮನಿಸಬೇಕಾಗುತ್ತದೆ, ಬಿಟ್ಟುಬಿಡುವುದಕ್ಕೆ ಅದು ಕಾರಣವಾಗಲಾರದು. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ ನೋಡುವ ಅಭ್ಯಾಸವೊಂದು ಬಂದರೆ ಅರ್ಧ ಅನಾಹುತ ತಪ್ಪುತ್ತದೆ.

ಇದೆಲ್ಲ ಹವ್ಯಾಸ, ಹೊಟ್ಟೆಪಾಡಲ್ಲ, ಇಷ್ಟೊಂದು ಕಟ್ಟುನಿಟ್ಟು ಯಾಕೆ ಎನ್ನುವವರೂ ಇದ್ದಾರೆ. ಹವ್ಯಾಸವಾದ್ದರಿಂದಲೇ ಬೇಕು. ರೈತ ಒಂದು ಬೆಳೆ ಸೋತರೂ ಮುಂದಿನ ಹಂಗಾಮಿಗೆ ಮತ್ತೆ ಬಿತ್ತುತ್ತಾನೆ, ಅವನಿಗೆ ಬೇರೆ ದಾರಿಯಿಲ್ಲ. ಹವ್ಯಾಸದವರಿಗೆ ಕೈಬಿಡುವುದು ಸುಲಭ. ಮೊದಲ ಬೇಸಿಗೆಯಲ್ಲೇ ಎಲ್ಲ ಗಿಡ ಕಳೆದುಕೊಂಡ ಮನೆ ಎರಡನೆಯ ಸಲ ಬೀಜದ ಅಂಗಡಿಗೆ ಹೋಗುವುದು ಅಪರೂಪ. ಸೊಪ್ಪನ್ನು ತಾನೇ ಬಿತ್ತಿ ಕಿತ್ತು ತಿನ್ನುವ ಖುಷಿ, ಅಡುಗೆಮನೆಯ ಕಸ ಮನೆಯಲ್ಲೇ ಗೊಬ್ಬರವಾಗುವ ನೆಮ್ಮದಿ, ಅಜ್ಜಿಯಿಂದ ಮೊಮ್ಮಗಳಿಗೆ ಬರಬೇಕಾದ ಬಸಳೆ ಕಡ್ಡಿ ಎಲ್ಲವೂ ಅಲ್ಲಿಗೇ ನಿಲ್ಲುತ್ತವೆ. ಖಾಲಿ ಕುಂಡ ದಂಡ ಎಂದು ಯಾರೂ ಭಾವಿಸಬೇಕಾಗಿಲ್ಲ. ಮೇ ತಿಂಗಳಲ್ಲಿ ಮಣ್ಣನ್ನು ಶೀಟಿನ ಮೇಲೆ ಹರಡಿ ಬಿಸಿಲಿಗೆ ಚೆನ್ನಾಗಿ ಕಾಯಿಸಿ, ಬೇರಿನ ಕಸ ಆರಿಸಿ, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಇಟ್ಟುಕೊಂಡರೆ ಮುಂದಿನ ಮಳೆಗಾಲದ ರೋಗ ಎಷ್ಟೋ ಕಡಿಮೆಯಾಗುತ್ತದೆ.

ಋತುವನ್ನು ಮೊದಲೇ ಲೆಕ್ಕಹಾಕಿ ನೆಡುವುದು ಈ ಊರಿಗೆ ಹೊಸದೇನೂ ಅಲ್ಲ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಿ.ಎಚ್. ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದರ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಬರಿದಾಗಬಾರದು ಎಂಬ ಲೆಕ್ಕ ಇಟ್ಟುಕೊಂಡಿದ್ದರು. ಜಕರಂಡ ಮುಗಿಯುತ್ತಿದ್ದಂತೆ ಗುಲ್‌ಮೊಹರ್ ಕೆಂಪಾಗುವುದನ್ನೂ ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ ಸುರಿಯುವುದನ್ನೂ ನಾವು ಇಂದಿಗೂ ನೋಡುತ್ತಿದ್ದೇವೆ. ರಸ್ತೆಗೆ ಆದದ್ದು ಬಾಲ್ಕನಿಗೆ ಆಗದೆ? ಅದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ತೋಟಗಾರಿಕೆ ಇಲಾಖೆ ಕರಾವಳಿ, ಮಲೆನಾಡು, ಬಯಲುಸೀಮೆ, ಕಲ್ಯಾಣ ಕರ್ನಾಟಕಕ್ಕೆ ಒಂದೊಂದರಂತೆ ಕುಂಡದ ಬೆಳೆಗಳ ತಿಂಗಳ ಪಟ್ಟಿ ಅಚ್ಚು ಹಾಕಿಸಿ ಹಂಚಲಿ. ಸೊಪ್ಪು ತರಕಾರಿಯ ಸಸಿಗಳನ್ನು ಜನವರಿಯ ಪ್ರದರ್ಶನದ ಬದಲು ಆಗಸ್ಟ್‌ನ ಪ್ರದರ್ಶನದಲ್ಲಿ ಮಾರಾಟಕ್ಕಿಡಲಿ, ಮುಂದೆ ನಾಲ್ಕೈದು ತಿಂಗಳ ಒಳ್ಳೆಯ ಕಾಲವಿರುತ್ತದೆ. ನರ್ಸರಿಗಳು ಬೆಲೆಯ ಪಕ್ಕದಲ್ಲಿ ಬಿತ್ತುವ ತಿಂಗಳನ್ನೂ ಬರೆಯಲಿ. ನೀವು ಮುಂದಿನ ಸಲ ಬೀಜದ ಪೊಟ್ಟಣ ಕೈಗೆತ್ತಿಕೊಂಡಾಗ, ದುಡ್ಡು ಕೊಡುವ ಮೊದಲು, ಇದನ್ನು ನಮ್ಮೂರಲ್ಲಿ ಯಾವ ತಿಂಗಳು ಬಿತ್ತಬೇಕು ಎಂದು ಅಂಗಡಿಯವರನ್ನು ಕೇಳಿ. ಉತ್ತರ ಬಾರದಿದ್ದರೆ ಪೊಟ್ಟಣವನ್ನು ಅಲ್ಲೇ ಇಟ್ಟು ಬನ್ನಿ.